ಮೀನಿಗೆ ಹಾಕಿದ ಊಟಕ್ಕೆ ಬಸವನಹುಳುವಿನ ಪಂಕ್ತಿ

ಬೆಳಿಗ್ಗೆ ಐದೂವರೆಗೆ ಕಾಫಿ ಮಾಡಲು ಎದ್ದವನು ಸುಮ್ನೆ ಮೀನಿನ ತೊಟ್ಟಿಯ ಲೈಟ್ ಹಾಕಿದೆ. ಗಾಜಿನ ತುಂಬ ಕಪ್ಪು ಚುಕ್ಕಿ. ನಿದ್ದೆಗಣ್ಣು ಅಂದುಕೊಂಡು ಕನ್ನಡಕ ಹಾಕಿ ನೋಡಿದರೆ ಚುಕ್ಕಿಗಳು ನಡೆಯುತ್ತಿದ್ದವು. ಮುಂದಿನ ಗಾಜೊಂದರ ಮೇಲೇ ಎಣಿಸಿದೆ, 60 ದಾಟಿತು. ಎಂಟು ಗಪ್ಪಿ ಸಾಕಲು ತಂದ ತೊಟ್ಟಿಯಲ್ಲಿ ಗಪ್ಪಿಗಳೇ ನೆಂಟರ ಹಾಗೆ ಕಾಣುತ್ತಿದ್ದವು.

ನಮ್ಮದು ಶಿವಮೊಗ್ಗದಲ್ಲಿ ಸಣ್ಣ ಮನೆ, ಸಣ್ಣ ತೊಟ್ಟಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅಂಚಿನವರೆಗೆ ತುಂಬಿಸಿದರೆ ಸುಮಾರು 55 ಲೀಟರ್ ನೀರು. ಬಸವನಹುಳು ಎಲ್ಲಿಂದ ಬಂತು ಅಂತ ಯೋಚಿಸಿದರೆ ಕಳ್ಳ ನಾನೇ. ಅದಕ್ಕೆ ಮೂರು ತಿಂಗಳ ಮೊದಲು ತೀರ್ಥಹಳ್ಳಿ ಕಡೆಯ ಅತ್ತೆ ಮನೆಗೆ ಹೋಗಿದ್ದಾಗ ತೋಟದ ಕೆಳಗಿನ ಕೆರೆಯಿಂದ ಒಂದು ಹಿಡಿ ಹೈಡ್ರಿಲ್ಲಾ ಗಿಡ ಕಿತ್ತು ತಂದಿದ್ದೆ. ದುಡ್ಡು ಕೊಡದೆ ಸಿಕ್ಕಿದ ಗಿಡ ಅಲ್ವಾ, ಖುಷಿ. ನಲ್ಲಿ ಕೆಳಗೆ ಒಮ್ಮೆ ತೊಳೆದು ಹಾಕಿದೆ. ಹುಳು ತೊಳೆದು ಹೋಗಿರಬಹುದು. ಎಲೆಯ ಅಡಿಗೆ ಅಂಟಿದ್ದ ಮೊಟ್ಟೆ ಹೋಗಿರಲಿಲ್ಲ.

ಮೊಟ್ಟೆ ಹೇಗಿರುತ್ತದೆ ಅಂದರೆ, ನೀರಲ್ಲಿ ನೆನೆಸಿದ ಕಾಮಕಸ್ತೂರಿ ಬೀಜ ನೋಡಿದ್ದೀರಲ್ಲ, ಹಾಗೆ ಒಂದು ಲೋಳೆ. ಕಪ್ಪು ಬೀಜದ ಬದಲು ಒಳಗೆ ಸೂಜಿಮೊನೆಯಷ್ಟು ಮಸುಕು ಚುಕ್ಕಿಗಳು. ಎಲೆ, ಗಾಜು, ಫಿಲ್ಟರ್ ಪೈಪು, ಎಲ್ಲಿ ಬೇಕಾದರೂ ಅಂಟಿರುತ್ತದೆ. ಅಂಗಡಿಯಿಂದ ತಂದ ಗಿಡದಲ್ಲೂ ಇರಬಹುದು. ಮೀನು ತಂದ ಕವರಿನ ನೀರಲ್ಲಿ ಮರಿ ಹುಳುವೇ ಬರಬಹುದು. ಹಾಗಾಗಿ ನನ್ನ ಹಾಗೆ ಕೆರೆಗೆ ಕೈಹಾಕದವರೂ ಬಚಾವಾಗುವುದಿಲ್ಲ.

ಓಡಿಸುವ ಮೊದಲು ಯಾರು ಬಂದಿದ್ದಾರೆ ಅಂತ ತಿಳಿಯಬೇಕು. ನಮ್ಮ ಕಡೆ ತೊಟ್ಟಿಗಳಲ್ಲಿ ಜಾಸ್ತಿ ಕಾಣುವುದು ಮೂರು ಬಗೆ.

ಮೊದಲನೆಯದು ಬ್ಲಾಡರ್ ಸ್ನೇಲ್. ಕಾಫಿ ಬೀಜಕ್ಕಿಂತ ದೊಡ್ಡದಾಗುವುದು ಕಡಿಮೆ. ತೆಳು ಚಿಪ್ಪು, ಕಂದು ಬಣ್ಣ, ಮೇಲೆ ಹಳದಿ ಚುಕ್ಕಿ, ಓಟವೂ ಜೋರು. ಇದನ್ನು ಗುರುತಿಸಲು ಒಂದು ಮಜಾ ಉಪಾಯ ಇದೆ. ಚಿಪ್ಪಿನ ಚೂಪು ತುದಿ ಮೇಲೆ ಮಾಡಿ, ಬಾಯಿ ನಿಮ್ಮ ಕಡೆ ತಿರುಗಿಸಿ ಹಿಡಿಯಿರಿ. ಬಾಯಿ ಎಡಗಡೆ ಬಂದರೆ ಇದೇ. ಹೆಚ್ಚಿನ ಬಸವನಹುಳುಗಳದ್ದು ಬಲಗಡೆ ಇರುತ್ತದೆ. ಪೂಜೆಗೆ ಇಡುವ ಬಲಮುರಿ ಶಂಖ ಇದೆಯಲ್ಲ, ಅದರ ಸುರುಳಿಯೂ ಬ್ಲಾಡರ್‌ನ ದಿಕ್ಕೇ. ಹೆಸರು ಬಲಮುರಿ ಆದರೂ ಜೀವಶಾಸ್ತ್ರದವರ ಲೆಕ್ಕದಲ್ಲಿ ಅದು ಎಡಸುರುಳಿ. ಶಂಖದಲ್ಲಿ ಅಂಥದ್ದು ಒಂದು ಸಿಕ್ಕರೆ ಜನ ಸಾವಿರಾರು ರೂಪಾಯಿ ಕೊಡುತ್ತಾರೆ. ನನ್ನ ತೊಟ್ಟಿಯಲ್ಲಿ ಪುಕ್ಕಟೆ ನೂರಾರು.

ಎರಡನೆಯದು ರಾಮ್ಸ್‌ಹಾರ್ನ್. ಚಕ್ಕುಲಿ ಸುತ್ತಿದ ಹಾಗೆ ಚಪ್ಪಟೆ ಸುರುಳಿ. ಕೆಲವು ಕೆಂಪಗೆ ಕಾಣುತ್ತವೆ. ಅದು ಚಿಪ್ಪಿನ ಬಣ್ಣ ಅಲ್ಲ, ರಕ್ತದ್ದು. ಹೆಚ್ಚಿನ ಬಸವನಹುಳುಗಳ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರ ಇರುವ ಒಂದು ಪದಾರ್ಥ. ಈ ಜಾತಿಯಲ್ಲಿ ಮಾತ್ರ ನಮ್ಮ ಹಾಗೆ ಹಿಮೋಗ್ಲೋಬಿನ್. ನಮ್ಮ ಕೆರೆ, ಗದ್ದೆಗಳಲ್ಲಿ ಸಿಗುವ ದೊಡ್ಡ ಚಕ್ಕುಲಿ ಹುಳುವೂ ಇದೇ ಬಳಗದ್ದು.

ಮೂರನೆಯದು ಮಲೇಷಿಯನ್ ಟ್ರಂಪೆಟ್. ಮೆಹೆಂದಿ ಕೋನಿನ ಆಕಾರ, ಗಟ್ಟಿ ಚಿಪ್ಪು, ಬಾಯಿಗೆ ಮುಚ್ಚಳ. ಹಗಲೆಲ್ಲ ಮರಳೊಳಗೆ ಹೂತುಕೊಂಡು ರಾತ್ರಿ ಹೊರಗೆ ಬರುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹೆಸರು ಮಲೇಷಿಯಾದ್ದು, ಆದರೆ 1774ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಇಟ್ಟಿದ್ದು ನಮ್ಮ ಕೋರಮಂಡಲ ತೀರದಲ್ಲಿ ಸಿಕ್ಕ ಚಿಪ್ಪು ನೋಡಿ.

ಈಗ ಸಂಖ್ಯೆಯ ವಿಷಯ. ಬ್ಲಾಡರ್ ಮತ್ತು ರಾಮ್ಸ್‌ಹಾರ್ನ್‌ನಲ್ಲಿ ಗಂಡು, ಹೆಣ್ಣು ಬೇರೆ ಬೇರೆ ಇಲ್ಲ. ಒಂದೇ ಹುಳು ಎರಡೂ ಆಗಿರುತ್ತದೆ. ಜೊತೆ ಸಿಗದಿದ್ದರೆ ಒಂಟಿಯಾಗಿಯೇ ಮೊಟ್ಟೆ ಇಟ್ಟು ಮರಿ ಮಾಡಬಲ್ಲದು. ಟ್ರಂಪೆಟ್‌ನಲ್ಲಿ ಹೆಣ್ಣು ಗಂಡಿನ ಸಹವಾಸವಿಲ್ಲದೆ ಮರಿ ಹಾಕುತ್ತದೆ. ಅಂದರೆ ಒಂದು ಬಂದರೆ ಸಾಕು. ಬ್ಲಾಡರ್‌ನ ಒಂದು ಲೋಳೆಯಲ್ಲಿ 20 ಮೊಟ್ಟೆ ಅಂತ ಇಟ್ಟುಕೊಳ್ಳಿ. ನಮ್ಮ ಹವೆಯಲ್ಲಿ ಒಂದೆರಡು ವಾರದಲ್ಲಿ ಒಡೆಯುತ್ತವೆ. ಎರಡು ತಿಂಗಳೊಳಗೆ ಆ ಮರಿಗಳೂ ಮೊಟ್ಟೆ ಇಡುವಷ್ಟು ಬೆಳೆಯುತ್ತವೆ. ಅರ್ಧ ಸತ್ತರೂ 10 ಉಳಿಯಿತು. ಅವು ತಲಾ 10 ಉಳಿಸಿದರೆ 100. ಆಮೇಲೆ 1000.

ಆದರೆ ಈ ಲೆಕ್ಕ ಎಲ್ಲ ತೊಟ್ಟಿಯಲ್ಲೂ ನಡೆಯುವುದಿಲ್ಲ. ನನ್ನ ಗೆಳೆಯನ ತೊಟ್ಟಿಗೂ ಅದೇ ಕೆರೆಯ ಗಿಡ ಹೋಗಿತ್ತು. ಅವನಲ್ಲಿ ಹುಡುಕಿದರೆ ಆರೇಳು ಹುಳು. ನನ್ನಲ್ಲಿ ಗಾಜು ಕಾಣುತ್ತಿರಲಿಲ್ಲ. ವ್ಯತ್ಯಾಸ ಎಲ್ಲಿ ಅಂದರೆ, ಊಟದಲ್ಲಿ.

ಮೊಟ್ಟೆ ಎಷ್ಟೇ ಇಡಲಿ, ಮರಿ ಬದುಕಬೇಕಾದರೆ ತಿನ್ನಲು ಏನಾದರೂ ಬೇಕು. ತೊಟ್ಟಿಯೊಳಗೆ ಊಟ ಬರುವುದು ಮೂರು ದಾರಿಯಲ್ಲಿ. ಮೀನು ತಿನ್ನದೆ ಬಿಟ್ಟ ಫುಡ್, ಕೊಳೆಯುವ ಎಲೆ, ಮತ್ತೆ ಪಾಚಿ. ಮದುವೆ ಮನೆಯಲ್ಲಿ ಎಷ್ಟು ಎಲೆ ಹಾಕುತ್ತೀರೋ ಅಷ್ಟು ಜನ ಪಂಕ್ತಿಗೆ ಕೂರುತ್ತಾರೆ. ಇಲ್ಲೂ ಹಾಗೇ. ನಾವು ದಿನಾ ಹತ್ತು ಎಲೆ ಜಾಸ್ತಿ ಹಾಕಿ, ಬಂದು ಕೂತವರನ್ನು ರಟ್ಟೆ ಹಿಡಿದು ಎಬ್ಬಿಸುತ್ತಿದ್ದೇವೆ. ಎಬ್ಬಿಸಿದಷ್ಟೂ ಜಾಗ ಖಾಲಿ, ಹೊರಗೆ ನಿಂತವರು ಒಳಗೆ.

ಬರೀ ಹಿಡಿದು ಹಿಡಿದು ಬಿಸಾಡಿದರೆ ಹುಳು ಕಡಿಮೆಯಾಗದಿರುವುದು ಇದಕ್ಕೇ. 200 ಹುಳುವಿಗೆ ಹಂಚಿಹೋಗುತ್ತಿದ್ದ ಊಟ 100ಕ್ಕೆ ಸಿಕ್ಕರೆ ಆ 100 ಹೊಟ್ಟೆ ತುಂಬ ತಿಂದು ಜಾಸ್ತಿ ಮೊಟ್ಟೆ ಇಡುತ್ತವೆ. ಮರಿಗಳೂ ಜಾಸ್ತಿ ಬದುಕುತ್ತವೆ. ತಿಂಗಳೊಪ್ಪತ್ತಿನಲ್ಲಿ ಮತ್ತೆ 200.

ಹಾಗಾದರೆ ಮೀನಿಗೆ ಎಷ್ಟು ಹಾಕಬೇಕು? ಗಪ್ಪಿಯ ಹೊಟ್ಟೆ ಅದರ ಕಣ್ಣಿಗಿಂತ ಹೆಚ್ಚು ದೊಡ್ಡದಿಲ್ಲ ಅಂತ ಮೀನು ಸಾಕುವವರು ಹೇಳುತ್ತಾರೆ. ಅಳತೆ ಮಾಡಿದವರಾರೋ ಗೊತ್ತಿಲ್ಲ, ಆದರೆ ಆ ಮಾತು ನೆನಪಿದ್ದರೆ ಕೈ ತಾನಾಗಿ ಬಿಗಿಯಾಗುತ್ತದೆ. ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಮೂರನೇ ನಿಮಿಷಕ್ಕೆ ಚೂರು ತೇಲುತ್ತಿದ್ದರೆ, ತಳಕ್ಕೆ ಇಳಿಯುತ್ತಿದ್ದರೆ, ಅದು ಜಾಸ್ತಿಯಾಯಿತು. ವಾರಕ್ಕೊಂದು ದಿನ ಏನೂ ಹಾಕಬೇಡಿ. ದೊಡ್ಡ ಮೀನಿಗೆ ಒಂದು ದಿನದ ಉಪವಾಸದಿಂದ ಏನೂ ಆಗುವುದಿಲ್ಲ. ನಮ್ಮಲ್ಲಿ ಏಕಾದಶಿ ಮಾಡುವವರೇ ಮೀನಿಗೆ ಮಾತ್ರ ಮೂರು ಹೊತ್ತು ಹಾಕುತ್ತಾರೆ. ಹುಟ್ಟಿದ ಮರಿಗಳಿಗೆ ಮಾತ್ರ ಈ ನಿಯಮ ಬೇಡ, ಅವಕ್ಕೆ ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಬೇಕು.

ಪಾಚಿಗೆ ಬೆಳಕು ಕಾರಣ. ಪೂರ್ವದ ಕಿಟಕಿಯ ಬಿಸಿಲು ನೇರ ಬೀಳುತ್ತಿದ್ದರೆ ತೊಟ್ಟಿ ಸರಿಸಿ. ಲೈಟು ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು. ಹಳದಿಯಾದ ಎಲೆ ಕತ್ತರಿಸಿ ತೆಗೆಯಿರಿ. ಹುಳು ಗಿಡ ತಿಂದುಹಾಕಿತು ಅಂತ ಬೈಯುವವರು ಹೆಚ್ಚಾಗಿ ನೋಡಿರುವುದು ಮೊದಲೇ ಸಾಯುತ್ತಿದ್ದ ಎಲೆಯನ್ನು. ಈ ಸಣ್ಣ ಹುಳುಗಳ ಬಾಯಿಗೆ ಗಟ್ಟಿ ಎಲೆಗಿಂತ ಕೊಳೆತ ಎಲೆಯೇ ಸುಲಭ.

ಊಟ ಕಡಿಮೆ ಮಾಡಿದ ಮರುದಿನವೇ ಹುಳು ಮಾಯವಾಗುವುದಿಲ್ಲ. ಇದ್ದವು ಇರುತ್ತವೆ. ಹೊಸ ಮೊಟ್ಟೆ ಕಡಿಮೆಯಾಗುತ್ತದೆ, ಹುಟ್ಟಿದ ಮರಿ ಬೆಳೆಯುವುದಿಲ್ಲ. ನನ್ನ ತೊಟ್ಟಿಯಲ್ಲಿ ಮೊದಲ ಮೂರು ವಾರ ಏನೂ ಗೊತ್ತಾಗಲಿಲ್ಲ. ಎರಡು ತಿಂಗಳ ಹೊತ್ತಿಗೆ ಮೂರನೇ ಒಂದು ಪಾಲಿಗೆ ಇಳಿಯಿತು.

ಕಾಯುವಷ್ಟು ದಿನ ಕೈಕಟ್ಟಿ ಕೂರಬೇಕಾಗಿಲ್ಲ. ಊಟ ಕಡಿಮೆ ಮಾಡಿದ ಮೇಲೆ ಹಿಡಿಯುವ ಕೆಲಸಕ್ಕೂ ಅರ್ಥ ಬರುತ್ತದೆ. ನಮ್ಮ ಮನೆಯ ವಿಧಾನ ಸೌತೆಕಾಯಿ. ಒಂದು ಬಿಲ್ಲೆ ಕತ್ತರಿಸಿ, ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ, ಸ್ಟೀಲ್ ಚಮಚಕ್ಕೆ ಚುಚ್ಚಿ ರಾತ್ರಿ ಲೈಟ್ ಆರಿಸಿದ ಮೇಲೆ ತಳಕ್ಕೆ ಬಿಡುವುದು. ಚಮಚ ಇಲ್ಲದಿದ್ದರೆ ತೇಲುತ್ತದೆ. ಬೆಳಿಗ್ಗೆ ಬೆಳಕು ಹರಿಯುವ ಮೊದಲು ಚಮಚ ಎತ್ತಿದರೆ ಬಿಲ್ಲೆಯ ತುಂಬ ಹುಳು. ಹಗಲಿಡೀ ಬಿಟ್ಟರೆ ಅದೂ ಕೊಳೆತು ಹುಳುವಿಗೇ ಊಟವಾಗುತ್ತದೆ, ಅದು ನೆನಪಿರಲಿ. ನೀರು ಬದಲಿಸುವಾಗ ಪೈಪನ್ನು ಮರಳಿನ ಮೇಲೆ ಆಡಿಸಿದರೆ ಕಸದ ಜೊತೆ ಮರಿಹುಳುಗಳೂ ಬಕೆಟ್ಟಿಗೆ ಬರುತ್ತವೆ. ವಾರಕ್ಕೆ ಕಾಲುಭಾಗ ನೀರು ತೆಗೆದರೆ ಸಾಕು. ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ಹಿಡಿದಿಟ್ಟುಕೊಳ್ಳಿ, ಕ್ಲೋರಿನ್ ಹಾರಿಹೋಗಲಿ. ಗಾಜಿನ ಮೇಲಿನ ಮೊಟ್ಟೆಯ ಲೋಳೆಯನ್ನು ಹಳೇ ಎಟಿಎಂ ಕಾರ್ಡಿನಿಂದ ಕೆರೆದು ತೆಗೆಯಬಹುದು.

ನೀರಿನ ಮಾತು ಬಂತಲ್ಲ, ಇಲ್ಲಿ ಒಂದು ಊರಿನ ವಿಷಯ. ಗಂಗಾ ಸ್ನಾನ, ತುಂಗಾ ಪಾನ ಅನ್ನುತ್ತಾರೆ. ತುಂಗೆಯ ನೀರು ಮೃದು, ಸುಣ್ಣದ ಅಂಶ ಕಡಿಮೆ. ಘಟ್ಟದ ಮಳೆ ಸಾವಿರಾರು ವರ್ಷದಿಂದ ನೆಲದ ಸುಣ್ಣ ತೊಳೆದು ಒಯ್ದಿದೆ. ಜಂಬಿಟ್ಟಿಗೆ ನೆಲದ ಬಾವಿಗಳ ನೀರೂ ಹೀಗೇ. ಬಸವನಹುಳುವಿಗೆ ಚಿಪ್ಪು ಕಟ್ಟಲು ಸುಣ್ಣ ಬೇಕೇ ಬೇಕು. ಹಾಗಾಗಿ ಮಲೆನಾಡಿನ ತೊಟ್ಟಿಗಳಲ್ಲಿ ಹುಳುವಿನ ಚಿಪ್ಪಿನ ತುದಿ ಬೆಳ್ಳಗಾಗಿ ಸವೆದಿರುವುದನ್ನು ನೋಡಬಹುದು. ಅದು ರೋಗ ಅಲ್ಲ, ಸುಣ್ಣದ ಬಡತನ. ಬೋರ್‌ವೆಲ್ ನೀರು ಹಾಕುವವರಲ್ಲಿ ಚಿಪ್ಪು ಗಟ್ಟಿಯಾಗಿ, ಹೊಳಪಾಗಿ ಇರುತ್ತದೆ. ಮೃದು ನೀರಿನಿಂದ ಹುಳು ಬೆಳೆಯುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಆದರೆ ಈ ಮೃದು ನೀರೇ ಇನ್ನೊಂದು ಕಡೆ ನಮಗೆ ಅಪಾಯ ತರುತ್ತದೆ.

ಅಡಿಕೆ ಬೆಳೆಯುವ ಊರಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇಲ್ಲದ ಮನೆ ಇಲ್ಲ. ಮಳೆ ಹಿಡಿಯುವ ಮೊದಲು ಸುಣ್ಣದ ಜೊತೆ ಕಲಸಿ ಬೋರ್ಡೋ ದ್ರಾವಣ ಮಾಡಿ ಅಡಿಕೆ ಗೊನೆಗೆ ಹೊಡೆಯುತ್ತೇವೆ, ಕೊಳೆರೋಗಕ್ಕೆ. ಮೈಸೂರು ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ಬರೆದಿದ್ದರು. ನೂರು ವರ್ಷ ದಾಟಿದರೂ ಮದ್ದು ಅದೇ. ತಾಮ್ರ ಬಸವನಹುಳುವಿಗೆ ವಿಷ ಅನ್ನುವುದೂ ನಿಜ. ಹಾಗಾಗಿ ನಮ್ಮ ಭಾವ ಹೇಳಿದ್ದು ಒಂದೇ ಮಾತು, "ಒಂದು ಚಿಟಿಕೆ ತುತ್ತ ಹಾಕೋ ಮಾರಾಯ, ಒಂದೂ ಉಳಿಯಲ್ಲ."

ನಿಜವೇ, ಒಂದೂ ಉಳಿಯುವುದಿಲ್ಲ. ಮೀನೂ ಉಳಿಯುವುದಿಲ್ಲ. ಲೆಕ್ಕ ಹಾಕಿ ನೋಡಿ. ಮೈಲುತುತ್ತದ ತೂಕದಲ್ಲಿ ಕಾಲುಭಾಗ ತಾಮ್ರ. ಒಂದು ಗ್ರಾಂ ಹಾಕಿದರೆ 250 ಮಿಲಿಗ್ರಾಂ ತಾಮ್ರ. ನಮ್ಮ 55 ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು ನಾಲ್ಕೂವರೆ ಮಿಲಿಗ್ರಾಂ. ಮೀನಿನ ರೋಗಕ್ಕೆ ತಾಮ್ರದ ಔಷಧ ಕೊಡುವವರು ಅಳೆದು ಅಳೆದು ಇಡುವ ಮಟ್ಟ ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ. ಅಂದರೆ ಆ ಒಂದು ಗ್ರಾಂ ಇಪ್ಪತ್ತು ಪಟ್ಟಿಗೂ ಹೆಚ್ಚು. ಅದರ ಮೇಲೆ ನೀರು ಮೃದುವಾದಷ್ಟೂ ತಾಮ್ರದ ವಿಷ ಮೀನಿಗೆ ಜೋರಾಗಿ ತಾಗುತ್ತದೆ. ಗಡಸು ನೀರಿನ ಊರಲ್ಲಿ ತಡೆದುಕೊಂಡ ಮೀನು ತುಂಗೆಯ ನೀರಲ್ಲಿ ತಡೆದುಕೊಳ್ಳುವುದಿಲ್ಲ. ತಾಮ್ರ ಮರಳಿಗೂ ಅಂಟಿ ಕೂರುತ್ತದೆ. ಮುಂದೆ ಸಿಗಡಿ ಸಾಕೋಣ ಅಂದರೆ ಅವು ಸಾಯುತ್ತಲೇ ಇರುತ್ತವೆ. ತುತ್ತ ಕಲಸಿದ ಬಕೆಟ್ಟನ್ನು ತೊಟ್ಟಿಯ ಹತ್ತಿರವೂ ತರಬೇಡಿ.

ಅಂಗಡಿಯಲ್ಲಿ ಸಿಗುವ ಹುಳು ಕೊಲ್ಲುವ ಔಷಧಗಳಲ್ಲೂ ಕೆಲವಕ್ಕೆ ತಾಮ್ರವೇ ಮೂಲ. ಅಳತೆ ಸರಿಯಿದ್ದು ಮೀನು ಬದುಕಿದರೂ ಇನ್ನೊಂದು ತೊಂದರೆ ಇದೆ. 200 ಹುಳು ಒಂದೇ ರಾತ್ರಿ ಸತ್ತರೆ ಹೆಣ ಎಲ್ಲಿ ಹೋಗಬೇಕು? ಮರಳೊಳಗೇ ಕೊಳೆಯುತ್ತವೆ. ಕೊಳೆತಾಗ ಅಮೋನಿಯಾ ಬರುತ್ತದೆ, ನೀರಿನ ಆಮ್ಲಜನಕ ಮುಗಿಯುತ್ತದೆ. ಆಷಾಢದ ಮಳೆಯಲ್ಲಿ ಕರೆಂಟು ಹೋಗಿ ಫಿಲ್ಟರ್ ನಿಂತರಂತೂ ಬೆಳಗಾಗುವುದರೊಳಗೆ ಮೀನು ಮೇಲೆ ತೇಲುತ್ತದೆ.

ನಾನು ತುತ್ತ ಹಾಕಲಿಲ್ಲ. ಆದರೆ ಅದಕ್ಕಿಂತ ಜಾಣತನದ ಕೆಲಸ ಅಂದುಕೊಂಡು ಇಡೀ ತೊಟ್ಟಿ ಖಾಲಿ ಮಾಡಿದೆ. ಜಲ್ಲಿ ತೊಳೆದು ತಾರಸಿಯಲ್ಲಿ ಒಣಗಿಸಿದೆ, ಫಿಲ್ಟರಿನ ಸ್ಪಂಜನ್ನು ಸೋಪು ಹಾಕಿ ಉಜ್ಜಿದೆ. ಹೊಸ ನೀರು ತುಂಬಿ ಮೀನು ಬಿಟ್ಟೆ. ನಾಲ್ಕು ದಿನದಲ್ಲಿ ಐದು ಗಪ್ಪಿ ಸತ್ತವು. ಮೀನಿನ ಹೇಸಿಗೆಯಿಂದ ಬರುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಇರುವುದೇ ಆ ಸ್ಪಂಜಿನಲ್ಲಿ, ಜಲ್ಲಿಯಲ್ಲಿ. ಅದನ್ನೇ ನಾನು ಉಜ್ಜಿ ತೊಳೆದಿದ್ದೆ. ಎರಡು ತಿಂಗಳಿಗೆ ಹುಳು ಮಾತ್ರ ವಾಪಸ್ಸು, ಯಾಕೆಂದರೆ ಅದೇ ಹೈಡ್ರಿಲ್ಲಾವನ್ನು ಮತ್ತೆ ನೆಟ್ಟಿದ್ದೆ.

ಹುಳು ತಿನ್ನುವ ಮೀನು ತಂದರೆ ಆಗದಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ, ಆದರೆ ತೊಟ್ಟಿ ಸಣ್ಣದಾದರೆ ತಲೆನೋವೂ ಬರುತ್ತದೆ. ಬಟಾಣಿಯಷ್ಟು ಪುಟ್ಟ ಪಫರ್ ಮೀನು ನಮ್ಮ ಪಶ್ಚಿಮ ಘಟ್ಟದ್ದೇ, 1941ರಲ್ಲಿ ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು ಇದನ್ನು ವಿವರಿಸಿದರು. ಬಸವನಹುಳು ಅಂದರೆ ಇದಕ್ಕೆ ಪ್ರಾಣ. ಗಪ್ಪಿಯ ಬಾಲ ಅಂದರೂ ಪ್ರಾಣ. ಅದಕ್ಕೇ ಬೇರೆ ತೊಟ್ಟಿ ಬೇಕು. ಕ್ಲೌನ್ ಲೋಚ್ ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಬೆಳೆದರೆ ಒಂದಡಿಯ ಹತ್ತಿರ. ಎರಡಡಿ ತೊಟ್ಟಿಯಲ್ಲಿ ಅದನ್ನು ಸಾಕುವುದು ಆನೆಯನ್ನು ಆಟೋದಲ್ಲಿ ಕೂರಿಸಿದ ಹಾಗೆ.

ಪಟ್ಟೆಪಟ್ಟೆಯ ಜೀಬ್ರಾ ಲೋಚ್ ಸ್ವಲ್ಪ ಸಣ್ಣದು, ಎಂಟು ಸೆಂಟಿಮೀಟರ್ ಆಸುಪಾಸು. ಇದು ನಮ್ಮ ತುಂಗೆಯ ಮೀನು ಅಂತ ಇಲ್ಲಿನವರಿಗೇ ಗೊತ್ತಿಲ್ಲ. ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ 1920ರಲ್ಲಿ ತುಂಗೆಯಲ್ಲಿ ಸಿಕ್ಕ ಮೀನು ನೋಡಿಯೇ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಿದ್ದು. ಈಗ ಇದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ನದಿಯಿಂದ ಹಿಡಿದು ತರುವ ಯೋಚನೆ ಖಂಡಿತ ಬೇಡ. ಗುಂಪಿನಲ್ಲಿ ಇರುವ ಮೀನು, ಐದಾರಾದರೂ ಬೇಕು. ಅಷ್ಟಕ್ಕೆ 55 ಲೀಟರ್ ಸಾಲದು.

ಸಣ್ಣ ತೊಟ್ಟಿಗೆ ಇದ್ದುದರಲ್ಲಿ ಒಗ್ಗುವುದು ಅಸಾಸಿನ್ ಸ್ನೇಲ್. ಹಳದಿ, ಕಂದು ಪಟ್ಟೆಯ ಈ ಬಸವನಹುಳು ಬೇರೆ ಬಸವನಹುಳುಗಳನ್ನು ತಿನ್ನುತ್ತದೆ. ಮೀನಿನ ತಂಟೆಗೆ ಹೋಗುವುದಿಲ್ಲ. ಗಂಡು, ಹೆಣ್ಣು ಬೇರೆ ಇರುವುದರಿಂದ ಒಂದೇ ತಂದರೆ ಮರಿ ಮಾಡುವುದಿಲ್ಲ. ಕೆಲಸ ನಿಧಾನ, ಮತ್ತೆ ನೀವು ಆಸೆಪಟ್ಟು ಸಾಕಿದ ಬಣ್ಣದ ಬಸವನಹುಳುವನ್ನೂ ಬಿಡುವುದಿಲ್ಲ. ನಾನು ತರಲಿಲ್ಲ. ಊಟ ಸರಿಮಾಡಿದ ಮೇಲೆ ಬೇಕು ಅನ್ನಿಸಲಿಲ್ಲ.

ಹೊಸ ಗಿಡ ತಂದರೆ ಈಗ ನೇರ ತೊಟ್ಟಿಗೆ ಹಾಕುವುದಿಲ್ಲ. ಪಟಿಕದ ನೀರಲ್ಲಿ ಎರಡು ಮೂರು ಗಂಟೆ ನೆನೆಸುತ್ತೇನೆ, ನಾಲ್ಕು ಲೀಟರಿಗೆ ಎರಡು ದೊಡ್ಡ ಚಮಚ ಪುಡಿ. ಇದರಿಂದ ಹುಳು ಸಾಯುತ್ತದೆ, ಮೊಟ್ಟೆಯ ಲೋಳೆ ಮಾತ್ರ ಪೂರ್ತಿ ಸಾಯುತ್ತದೆ ಅಂತ ನಂಬಬೇಡಿ. ಆದ್ದರಿಂದ ಚೆನ್ನಾಗಿ ತೊಳೆದು, ಬೇರೆ ಬಕೆಟ್ಟಿನಲ್ಲಿ ಬೆಳಕಿರುವ ಕಡೆ ಮೂರ್ನಾಲ್ಕು ವಾರ ಇಡಬೇಕು. ಉಳಿದ ಮೊಟ್ಟೆ ಅಷ್ಟರಲ್ಲಿ ಒಡೆಯುತ್ತದೆ, ಕಂಡ ಹುಳು ತೆಗೆಯಬಹುದು. ಬ್ಲೀಚ್ ಬಳಸುವವರೂ ಇದ್ದಾರೆ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂಥ ಮೆತ್ತಗಿನ ಗಿಡ ಅದರಲ್ಲಿ ಬೆಂದುಹೋಗುತ್ತದೆ.

ಕೆರೆಯಿಂದ ಗಿಡ ತರುವವರಿಗೆ ಒಂದು ಎಚ್ಚರಿಕೆ. ಗದ್ದೆ, ಕೆರೆಯ ಆ ದೊಡ್ಡ ಚಕ್ಕುಲಿ ಹುಳುವಿನ ಮೈಯಲ್ಲಿ ಒಂದು ಪರಾವಲಂಬಿ ಹುಳ ಬೆಳೆಯುತ್ತದೆ. ದನಗಳ ಮೂಗಿನಲ್ಲಿ ಗಂಟು ಕಟ್ಟಿ, ಉಸಿರಾಡುವಾಗ ಗೊರಗೊರ ಅನ್ನುವ ರೋಗ ಬರುವುದು ಇದರಿಂದಲೇ. ಅದರ ಮರಿಗಳು ನೀರಿಗೆ ಬಂದು ಚರ್ಮದ ಮೂಲಕ ಒಳಗೆ ನುಗ್ಗುತ್ತವೆ. ಮನುಷ್ಯರ ಮೈಯಲ್ಲಿ ಬೆಳೆಯುವುದಿಲ್ಲ, ಆದರೆ ತಾಗಿದ ಕಡೆ ತುರಿಕೆ, ದದ್ದು ಬರುತ್ತದೆ. ಹುಳುವಿನಿಂದ ಅದರ ಮೊಟ್ಟೆಗೆ ಇದು ದಾಟುವುದಿಲ್ಲ. ಹಾಗಾಗಿ ತೊಟ್ಟಿಯಲ್ಲೇ ಹುಟ್ಟಿದ ಹುಳುವಿಗೆ ಹೆದರಬೇಕಾಗಿಲ್ಲ. ಕೆರೆಯಿಂದ ಆಗಷ್ಟೇ ತಂದದ್ದನ್ನು ಬರಿಗೈಯಲ್ಲಿ ಜಾಲಾಡಬೇಡಿ.

ಹಿಡಿದ ಹುಳುವನ್ನು ಮೋರಿಗೆ, ಹಳ್ಳಕ್ಕೆ ಬಿಡಬಾರದು. ಬ್ಲಾಡರ್ ಸ್ನೇಲ್ ಮೂಲತಃ ಉತ್ತರ ಅಮೆರಿಕದ್ದು, ಹೀಗೆ ಬಿಟ್ಟು ಬಿಟ್ಟೇ ಲೋಕವೆಲ್ಲ ಹಬ್ಬಿದೆ. ನಾವು ಡಬ್ಬಿಯಲ್ಲಿ ಹಾಕಿ ಒಂದು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಗುಲಾಬಿ ಕುಂಡಕ್ಕೆ ಹಾಕುತ್ತೇವೆ. ಫ್ರೀಜರಿಗೆ ನನ್ನ ಹೆಂಡತಿಯ ಒಪ್ಪಿಗೆ ಸಿಗಲು ಒಂದು ವಾರ ಹಿಡಿಯಿತು.

ಪೂರ್ತಿ ಖಾಲಿ ಮಾಡುವ ಹಠ ಈಗ ನನಗಿಲ್ಲ. ಇಪ್ಪತ್ತು ಹುಳು ಪಾಚಿ ತಿಂದುಕೊಂಡು ಇದ್ದರೆ ಗಾಜು ಉಜ್ಜುವ ಕೆಲಸ ಕಡಿಮೆ. ಟ್ರಂಪೆಟ್ ಹುಳು ಇದ್ದರೆ ಮರಳು ಕೆದಕುತ್ತಿರುತ್ತದೆ. ಅವು ಕಿವಿರಿನಲ್ಲಿ ಉಸಿರಾಡುತ್ತವೆ. ಹಾಗಾಗಿ ಹಗಲಲ್ಲೇ ಎಲ್ಲವೂ ಗಾಜು ಹತ್ತಿ ಮೇಲೆ ಬಂದರೆ ನೀರು ಕೆಟ್ಟಿದೆ ಅಂತ ತಿಳಿದು ನೀರು ಬದಲಿಸಬೇಕು. ಬ್ಲಾಡರ್ ಹುಳು ಮೇಲೆ ಬಂದರೆ ಗಾಬರಿ ಬೇಡ, ಅದು ಗಾಳಿ ಕುಡಿಯಲು ಬರುತ್ತಲೇ ಇರುತ್ತದೆ.

ಪ್ರತಿ ಭಾನುವಾರ ಬೆಳಿಗ್ಗೆ ಸೌತೆಕಾಯಿ ಚಮಚದ ಹುಳು ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುವುದು ಮಗಳ ಕೆಲಸ. 31, 24, 17, 12 ಅಂತ ಇಳಿಯುತ್ತ ಬಂದಿತ್ತು. ಗಣಪತಿ ಹಬ್ಬಕ್ಕೆ ನೆಂಟರು ಬಂದು ನಾಲ್ಕು ದಿನ ಇದ್ದು ಹೋದರು. ಅದಾಗಿ ಮೂರನೇ ಭಾನುವಾರ 38. ಮಗಳನ್ನು ಕೇಳಿದರೆ, "ಅಪ್ಪ, ಮೀನಿಗೆ ಹಬ್ಬದೂಟ ಅಂತ ಎಲ್ಲರೂ ಒಂದೊಂದು ಚಿಟಿಕೆ ಹಾಕಿದ್ರು" ಅಂದಳು. ಫುಡ್ ಡಬ್ಬಿ ಈಗ ಅಟ್ಟದ ಮೇಲಿದೆ.